ಅಂಗಡಿಯವರು ಅಚ್ಚು ಹಾಕಿಸಿದ ಚಿಲ್ಲರೆ

ನನ್ನ ಸಂಗ್ರಹದ ಎಲ್ಲೆ ಬಹಳ ಚಿಕ್ಕದು. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಕೌಂಟಿ. ಆ ಕೌಂಟಿಯಲ್ಲಿ 1790ರ ದಶಕದ ಕೆಲವೇ ವರ್ಷಗಳು. ಆ ವರ್ಷಗಳಲ್ಲಿ ಊರಿನ ವರ್ತಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಚಲಾವಣೆಗೆ ಬಿಟ್ಟ ತಾಮ್ರದ ಟೋಕನ್‌ಗಳು. ಇಷ್ಟೇ. ರಾಜನ ನಾಣ್ಯ ನನಗೆ ಬೇಡ. ಪಕ್ಕದ ನಾರ್ಫೋಕ್‌ನ ಟೋಕನ್ ಎಷ್ಟೇ ಚೆಂದವಿದ್ದರೂ ಬೇಡ. ನಾನು ಹುಟ್ಟಿದ್ದು ಮೈಸೂರಿನಲ್ಲಿ. ಆದರೆ ಇಪ್ಸ್‌ವಿಚ್‌ನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿ ದುಡಿಯುತ್ತಾ, ಮಕ್ಕಳನ್ನು ಇಲ್ಲಿಯ ಶಾಲೆಗೇ ಕಳಿಸಿ, ಇಷ್ಟು ಕಾಲ ಇಲ್ಲಿಯ ನೀರು ಕುಡಿದ ಮೇಲೆ ಸಫೋಕ್ ನನ್ನ ಕೌಂಟಿ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಈ ಟೋಕನ್‌ಗಳು ಹುಟ್ಟಿದ್ದು ಚಿಲ್ಲರೆಯ ಅಭಾವದಿಂದ. ಲಂಡನ್ನಿನ ರಾಯಲ್ ಮಿಂಟ್ 1775ರಲ್ಲಿ ತಾಮ್ರದ ನಾಣ್ಯ ಟಂಕಿಸುವುದನ್ನೇ ನಿಲ್ಲಿಸಿಬಿಟ್ಟಿತು. ಕೈಯಿಂದ ಕೈಗೆ ಓಡಾಡುತ್ತಿದ್ದ ತಾಮ್ರದಲ್ಲಿ ಬಹುಪಾಲು ಖೋಟಾ. 1787ರಲ್ಲಿ ಟಂಕಸಾಲೆಯವರೇ ಪರೀಕ್ಷಿಸಿ ನೋಡಿದಾಗ ನೂರಕ್ಕೆ ಎಂಟರಷ್ಟು ಮಾತ್ರ ರಾಜನ ನಾಣ್ಯವನ್ನು ತಕ್ಕಮಟ್ಟಿಗಾದರೂ ಹೋಲುತ್ತಿದ್ದವು. ಆಗ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ. ಹೊಲದಲ್ಲಿ ದುಡಿಯುವವನ ವಾರದ ಕೂಲಿ ಸಾಮಾನ್ಯವಾಗಿ ಹತ್ತು ಶಿಲ್ಲಿಂಗನ್ನೂ ಮುಟ್ಟುತ್ತಿರಲಿಲ್ಲ. ಅಂಥವನ ಮನೆಗೆ ಬರುವ ಬ್ರೆಡ್ಡು, ಮೇಣದಬತ್ತಿ, ಬಿಯರ್ ಎಲ್ಲವೂ ಪೆನ್ನಿ, ಅರ್ಧ ಪೆನ್ನಿಯ ಲೆಕ್ಕದಲ್ಲೇ ಬರಬೇಕು. ಕೂಲಿ ಕೊಡುವ ಧಣಿಗೂ ಚಿಲ್ಲರೆ ಬೇಕು, ಸಾಮಾನು ಮಾರುವ ಅಂಗಡಿಯವನಿಗೂ ಬೇಕು. ಸರ್ಕಾರ ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ದಾರಿ ತೋರಿಸಿದ್ದು ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ ಪಾರಿಸ್ ಗಣಿ ಕಂಪನಿ. ಅವರ ಬಳಿ ಬೇಕಾದಷ್ಟು ತಾಮ್ರವಿತ್ತು. 1787ರಲ್ಲಿ ಅವರು ತಮ್ಮದೇ ಪೆನ್ನಿ ಹೊರಡಿಸಿದರು. ಒಂದು ಬದಿಗೆ ಗಡ್ಡ ಬಿಟ್ಟ ಡ್ರೂಯಿಡ್ ಪುರೋಹಿತನ ತಲೆ, ಇನ್ನೊಂದು ಬದಿಗೆ ‘ಇದನ್ನು ತಂದವರಿಗೆ ಒಂದು ಪೆನ್ನಿ ಕೊಡುವುದಾಗಿ ಮಾತು ಕೊಡುತ್ತೇವೆ’ ಎಂಬ ಬರಹ. ಅದನ್ನು ಎಲ್ಲಿ ಕೊಡುತ್ತೇವೆ ಎಂಬುದು ಅಂಚಿನಲ್ಲಿತ್ತು: ‘ಕೇಳಿದ ಕೂಡಲೇ, ಲಂಡನ್, ಲಿವರ್‌ಪೂಲ್ ಅಥವಾ ಆಂಗ್ಲ್‌ಸಿಯಲ್ಲಿ’. ಇದನ್ನು ಕಂಡು ಕೆಲವೇ ವರ್ಷಗಳಲ್ಲಿ ಊರೂರಿನ ಬಟ್ಟೆ ವ್ಯಾಪಾರಿಗಳು, ಕಿರಾಣಿಯವರು, ಮುದ್ರಕರು ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಕಾರ್ಖಾನೆಗಳಿಗೆ ಬರೆದು, ತಮ್ಮ ಹೆಸರಿನ ಚಿಲ್ಲರೆ ತರಿಸಿಕೊಂಡರು.

ಟೋಕನ್ ಕೈಗೆ ಬಂದರೆ ನಾನು ಮೊದಲು ಅದರ ಅಂಚು ನೋಡುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಕಣ್ಣಿಗೆ ಹಿಡಿದು, ಬಿಲ್ಲೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ನಿಧಾನವಾಗಿ ತಿರುಗಿಸಬೇಕು. ಅಕ್ಷರಗಳು ಒಂದೊಂದಾಗಿ ಬರುತ್ತವೆ, ತೆಳುವಾದ ಅಂಚಿನೊಳಕ್ಕೆ ಒತ್ತಿದಂತೆ ಗುಳಿಬಿದ್ದ ಅಕ್ಷರಗಳು. ಅಚ್ಚು ಹೊಡೆಯುವ ಮುಂಚೆಯೇ, ಖಾಲಿ ಬಿಲ್ಲೆಯನ್ನು ಅಕ್ಷರ ಕೊರೆದ ಎರಡು ಉಕ್ಕಿನ ಪಟ್ಟಿಗಳ ನಡುವೆ ಉರುಳಿಸಿ ಇವನ್ನು ಮೂಡಿಸುತ್ತಿದ್ದರು. ಹಾಗಾಗಿ ಮುಂಬದಿಯ ಚಿತ್ರಕ್ಕೂ ಅಂಚಿನ ಬರಹಕ್ಕೂ ತಾಳಮೇಳವಿರುವುದಿಲ್ಲ. ಒಂದರಲ್ಲಿ ಬರಹ ತಲೆಯ ಮೇಲಿಂದ ಶುರುವಾದರೆ ಇನ್ನೊಂದರಲ್ಲಿ ಗದ್ದದ ಕೆಳಗಿನಿಂದ ಶುರುವಾಗುತ್ತದೆ. ಮುಖ ಸವೆದುಹೋದರೂ ಅಂಚಿನ ಗುಳಿಯಲ್ಲಿ ಮಾತು ಉಳಿದಿರುತ್ತದೆ. ದಿನವಿಡೀ ಔಷಧಿ ಡಬ್ಬಿಗಳ ಸಣ್ಣ ಅಕ್ಷರ ಓದಿ ಪಳಗಿದ ನನ್ನ ಕಣ್ಣಿಗೆ ಈ ಕೆಲಸ ತುಂಬಾ ಹಿಡಿಸುತ್ತದೆ.

ಅಂಚಿನಲ್ಲೇ ಸುಳ್ಳೂ ಇರುತ್ತದೆ. ‘ಲ್ಯಾಂಕಾಸ್ಟರ್, ಲಂಡನ್ ಅಥವಾ ಬ್ರಿಸ್ಟಲ್‌ನಲ್ಲಿ ಹಣ ಕೊಡಲಾಗುವುದು’ ಎಂದು ಬರೆದ ಟೋಕನ್‌ಗಳು ರಾಶಿ ರಾಶಿ ಸಿಗುತ್ತವೆ. ಮೂರು ದೊಡ್ಡ ಊರುಗಳ ಹೆಸರಿದೆ, ಕೊಡುವವನ ಹೆಸರೇ ಇಲ್ಲ. ಆ ಕಾಲದಲ್ಲಿ ಬ್ರಿಸ್ಟಲ್‌ಗೆ ಹೋದವನು ಯಾರ ಬಾಗಿಲು ತಟ್ಟಬೇಕಿತ್ತು? ಇಂಥವನ್ನು ನಾನು ಕೊಳ್ಳುವುದಿಲ್ಲ. ಒಬ್ಬ ವ್ಯಾಪಾರಿ ತನ್ನ ಹೆಸರನ್ನೂ ಊರನ್ನೂ ಲೋಹದಲ್ಲಿ ಬರೆಸಿ, ಇದನ್ನು ನನ್ನ ಅಂಗಡಿಗೆ ತಂದರೆ ಹಣ ಕೊಡುತ್ತೇನೆ ಎಂದು ಊರಿಗೆಲ್ಲ ಹಂಚುವುದಿದೆಯಲ್ಲ, ಅದು ಸಣ್ಣ ವಿಷಯವಲ್ಲ. ಮರುದಿನ ಬೆಳಿಗ್ಗೆ ಚೀಲ ತುಂಬ ಬಿಲ್ಲೆ ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಅವನು ಎಣಿಸಿ ಕೊಡಲೇಬೇಕು. ಕೊಡದಿದ್ದರೆ ಅದೇ ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ನನ್ನ ಸಂಗ್ರಹ ನಿಂತಿರುವುದು ಈ ಮಾತಿನ ಮೇಲೆ.

ನನ್ನ ಊರಿನಿಂದಲೇ ಆರಂಭಿಸುತ್ತೇನೆ. ಇಪ್ಸ್‌ವಿಚ್‌ನಲ್ಲಿ ಜೇಮ್ಸ್ ಕಾಂಡರ್ ಎಂಬ ಬಟ್ಟೆ ವ್ಯಾಪಾರಿ ಇದ್ದ. 1794ರ ಅವನ ಅರ್ಧ ಪೆನ್ನಿಯ ಮೇಲೆ ಒಂದು ಕಡೆ ಇಪ್ಸ್‌ವಿಚ್‌ನ ಮಾರುಕಟ್ಟೆ ಮಂಟಪ, ಜೊತೆಗೆ ‘ಕಾಂಡರ್‌ನ ಬಟ್ಟೆ ಮಳಿಗೆಯಲ್ಲಿ ಹಣ ಕೊಡಲಾಗುವುದು’ ಎಂಬ ವಾಗ್ದಾನ. ಆ ಮಂಟಪವನ್ನು 1812ರಲ್ಲಿ ಕೆಡವಿದರು. ಅದು ನಿಂತಿದ್ದ ಕಾರ್ನ್‌ಹಿಲ್ ಚೌಕವನ್ನು ಇವತ್ತಿಗೂ ನಾನು ಕೆಲಸಕ್ಕೆ ಹೋಗುವಾಗ ದಾಟುತ್ತೇನೆ. ಮಂಟಪದ ಕಂಬಗಳು, ಮೇಲಿನ ಛಾವಣಿ, ಅದರ ತುದಿಯ ಮೂರ್ತಿ, ಎಲ್ಲವೂ ಹೆಬ್ಬೆರಳಿನ ಅಗಲದ ತಾಮ್ರದಲ್ಲಿ ಅಡಗಿದೆ. ಇಪ್ಸ್‌ವಿಚ್‌ನದೇ ಇನ್ನೊಂದು ಪೆನ್ನಿಯ ಮೇಲೆ ಕಾರ್ಡಿನಲ್ ವೂಲ್ಸಿಯ ಮುಖವೂ ಅವನು ಕಟ್ಟಿಸಿದ ಕಾಲೇಜಿನ ಹೆಬ್ಬಾಗಿಲೂ ಇವೆ. ಎಂಟನೇ ಹೆನ್ರಿಯ ಆಸ್ಥಾನದಲ್ಲಿ ರಾಜನ ನಂತರ ಇವನೇ ಎನ್ನುವಷ್ಟು ಬೆಳೆದ ಈ ಊರಿನ ಹುಡುಗ 1528ರಲ್ಲಿ ಹುಟ್ಟೂರಿಗೊಂದು ಕಾಲೇಜು ತಂದ. ಅವನು ಬಿದ್ದ ಮೇಲೆ ಕಾಲೇಜೂ ಬಿತ್ತು. ಇಟ್ಟಿಗೆಯ ಆ ಬಾಗಿಲು ಮಾತ್ರ ಕಾಲೇಜ್ ಸ್ಟ್ರೀಟ್‌ನಲ್ಲಿ ಇನ್ನೂ ನಿಂತಿದೆ, ಲಾರಿಗಳ ಹೊಗೆ ಕುಡಿಯುತ್ತಾ. ಅದನ್ನು ಆ ಸ್ಥಿತಿಯಲ್ಲಿ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕಾಂಡರ್ ಟೋಕನ್ ಹೊರಡಿಸಿ ಸುಮ್ಮನಿರಲಿಲ್ಲ, ಟೋಕನ್‌ಗಳನ್ನು ಸಂಗ್ರಹಿಸಿದ. 1798ರಲ್ಲಿ ದೇಶದ ಟೋಕನ್‌ಗಳನ್ನೆಲ್ಲ ವಿಂಗಡಿಸಿ ಪಟ್ಟಿ ಮಾಡಿದ ಪುಸ್ತಕವನ್ನು ಇದೇ ಇಪ್ಸ್‌ವಿಚ್‌ನಿಂದ ಹೊರತಂದ. ಅಮೆರಿಕದ ಸಂಗ್ರಾಹಕರು ಇವತ್ತಿಗೂ ಈ ಇಡೀ ಬಗೆಯನ್ನು ಕಾಂಡರ್ ಟೋಕನ್ ಎಂದೇ ಕರೆಯುತ್ತಾರೆ. ಬಟ್ಟೆ ಅಳೆಯುತ್ತಿದ್ದ ಕೈ ಅದು. ನಾವು ಇಂದು ಬಳಸುವ ಪಟ್ಟಿ ಬೇರೆ. ಡಾಲ್ಟನ್ ಮತ್ತು ಹೇಮರ್ ಎಂಬಿಬ್ಬರು 1910ರಿಂದ ಕಂತು ಕಂತಾಗಿ ಪ್ರಕಟಿಸಿದ್ದು. ಅದರಲ್ಲಿ ಪ್ರತಿ ಕೌಂಟಿಗೂ ಬೇರೆ ಅಧ್ಯಾಯ, ಪ್ರತಿ ಅಧ್ಯಾಯದಲ್ಲೂ ಒಂದರಿಂದ ಎಣಿಕೆ. ‘ಸಫೋಕ್ ಇಷ್ಟನೇ ನಂಬರ್’ ಎಂದರೆ ಪ್ರಪಂಚದ ಯಾವ ಮೂಲೆಯ ಸಂಗ್ರಾಹಕನಿಗೂ ಯಾವ ಬಿಲ್ಲೆ, ಯಾವ ಅಂಚು ಎಂದು ತಿಳಿಯುತ್ತದೆ. ಒಂದೇ ಕೌಂಟಿಯನ್ನು ಹಿಡಿದು ಕೂರುವ ನನ್ನಂಥವರನ್ನು ಬೆಳೆಸಿದ್ದೇ ಈ ವ್ಯವಸ್ಥೆ ಎಂದು ನನ್ನ ನಂಬಿಕೆ.

ಇನ್ನು ಬೆರಿ ಸೇಂಟ್ ಎಡ್ಮಂಡ್ಸ್. ನನ್ನ ಪೆಟ್ಟಿಗೆಯಲ್ಲಿ ನಾನು ಅತಿ ಹೆಚ್ಚು ಸಲ ಹೊರತೆಗೆಯುವ ಟೋಕನ್ ಅಲ್ಲಿಯದು. ಅದರ ಮೇಲೆ ಪಿ. ಡೆಕ್, ಪೋಸ್ಟ್ ಆಫೀಸ್, ಬೆರಿ, 1794 ಎಂದಿದೆ. ಮುಂಬದಿಯಲ್ಲಿ ದುಂಡು ಕೆನ್ನೆಯ ಒಬ್ಬ ಮನುಷ್ಯ, ಸುತ್ತ ‘ಚಾರ್ಲ್ಸ್ ಮಾರ್ಕ್ವಿಸ್ ಕಾರ್ನ್‌ವಾಲಿಸ್’ ಎಂಬ ಹೆಸರು. ಹಿಂಬದಿಯಲ್ಲಿ ಕಹಳೆ ಊದುವ ಕೀರ್ತಿದೇವತೆ, ಸುತ್ತ ‘ಇವನ ಕೀರ್ತಿ ಪೂರ್ವದಿಂದ ಪಶ್ಚಿಮದವರೆಗೆ ಮೊಳಗುತ್ತಿದೆ’ ಎಂಬ ಸಾಲು.

ಆ ಪೂರ್ವ ಯಾವುದೆಂದು ಮೈಸೂರಿನವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದವನು, 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು ಈ ಕಾರ್ನ್‌ವಾಲಿಸ್. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಿದ, ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಾಗಿ ಕಳಿಸಿದ. ಶಾಲೆಯಲ್ಲಿ ನಾವೆಲ್ಲ ಪರೀಕ್ಷೆಗೆಂದು ಉರು ಹೊಡೆದ ಒಪ್ಪಂದ ಅದು. ಅದೇ 1792ರಲ್ಲಿ ಕಾರ್ನ್‌ವಾಲಿಸ್‌ಗೆ ಮಾರ್ಕ್ವಿಸ್ ಪದವಿ ಬಂತು. ಟೋಕನ್‌ನ ಮೇಲಿರುವುದು ಆ ಹೊಸ ಪದವಿಯೇ. ಬೆರಿಯ ಉತ್ತರಕ್ಕೆ ಸ್ವಲ್ಪ ದೂರದ ಕಲ್ಫರ್ಡ್ ಅವನ ಮನೆತನದ ಎಸ್ಟೇಟು, ಈಗ ಅಲ್ಲೊಂದು ಶಾಲೆ ನಡೆಯುತ್ತದೆ. ಭಾರತದಿಂದ ಹಿಂದಿರುಗಿದ ತಮ್ಮೂರ ಕಡೆಯ ದೊಡ್ಡ ಮನುಷ್ಯನ ಮುಖವನ್ನು ಪೋಸ್ಟ್ ಆಫೀಸಿನ ಡೆಕ್ ಚಿಲ್ಲರೆಯ ಮೇಲೆ ಹಾಕಿಸಿದ. ಇದರಲ್ಲಿ ಆಶ್ಚರ್ಯವೇನಿಲ್ಲ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೇನೆಸಮೇತ ಶರಣಾದವನೂ ಇವನೇ ಎಂಬುದು ಬೆರಿಯ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಕಹಳೆ ಊದಿಸಲು ಶ್ರೀರಂಗಪಟ್ಟಣ ಸಾಕಾಯಿತು.

ಇದನ್ನು ಕೊಂಡಾಗ ಮೈಸೂರಿನಿಂದ ತಂಗಿ ಫೋನಿನಲ್ಲಿ, “ಅಕ್ಕಾ, ಅವನ ಮುಖ ನೋಡುವುದಕ್ಕೆ ದುಡ್ಡು ಬೇರೆ ಕೊಟ್ಟೆಯಾ?” ಎಂದು ಕೇಳಿದಳು. ಕೊಟ್ಟೆ, ಮತ್ತೆ ಬೇಕಾದರೂ ಕೊಡುತ್ತೇನೆ. ಸಫೋಕ್ ನನ್ನ ಕೌಂಟಿ ಎಂದ ಮೇಲೆ ಅದರ ಲೆಕ್ಕದ ಪುಸ್ತಕದಿಂದ ನನಗೆ ಒಗ್ಗದ ಹಾಳೆಯನ್ನು ಹರಿದು ಹಾಕಲು ನನಗೇನು ಹಕ್ಕು? ಕಾವೇರಿಯ ದಡದಲ್ಲಿ ಆದದ್ದು ಸುಮಾರು ಎರಡು ವರ್ಷದಲ್ಲಿ ಇಲ್ಲಿಯ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಂದು ಬಿದ್ದಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನ್ನ ಕೈಗೆ ಬಂದಿಲ್ಲ. ಅಂಚೆ ಕೊಡಲು ಬಂದವರು, ರೊಟ್ಟಿ ಕೊಳ್ಳಲು ಹೊರಟವರು ಇದನ್ನು ಎಣಿಸಿ ಕೊಟ್ಟಿದ್ದಾರೆ, ಎಣಿಸಿ ತೆಗೆದುಕೊಂಡಿದ್ದಾರೆ. ನನ್ನ ಪ್ರತಿಯಲ್ಲಿ ಕಾರ್ನ್‌ವಾಲಿಸ್‌ನ ಮೂಗು, ಕಿವಿಯ ಮೇಲಿನ ಕೂದಲು ನುಣ್ಣಗೆ ಸವೆದಿವೆ. ಕಹಳೆ ಇನ್ನೂ ಸ್ಪಷ್ಟವಾಗಿದೆ. 1794ರಲ್ಲೇ, ಅಂದರೆ ಈ ಟೋಕನ್ ಹೊರಬಂದ ವರ್ಷದಲ್ಲೇ, ಒತ್ತೆಯಾಗಿ ಹೋಗಿದ್ದ ಆ ಇಬ್ಬರು ಹುಡುಗರು ತಂದೆಯ ಬಳಿಗೆ ಮರಳಿದರು. ಟೋಕನ್ ಇಟ್ಟ ಲಕೋಟೆಯ ಹಿಂಭಾಗದಲ್ಲಿ ನಾನು ಅವರ ಹೆಸರು ಬರೆದಿಟ್ಟಿದ್ದೇನೆ: ಅಬ್ದುಲ್ ಖಾಲಿಕ್, ಮುಯಿಝುದ್ದೀನ್.

ಉಳಿದ ಊರುಗಳದ್ದು ಒಂದೊಂದು ಸ್ವಭಾವ. ಬಂಗೇಯ ಟೋಕನ್‌ನಲ್ಲಿ ಬಿಗಾಡ್ ಮನೆತನದ ಪಾಳುಕೋಟೆ ಇದೆ. ಇನ್ನೊಂದು ಬದಿಗೆ ನ್ಯಾಯದೇವತೆ, ಜೊತೆಗೆ ‘ಚಿಲ್ಲರೆಗಾಗಿ, ಮೋಸಕ್ಕಾಗಿ ಅಲ್ಲ’ ಎಂಬ ಮಾತು. ಖೋಟಾ ನಾಣ್ಯ ಕಂಡು ಕಂಡು ರೋಸಿಹೋದ ಊರು ಮಾತ್ರ ಹೀಗೆ ಬರೆಸೀತು. ಸಡ್‌ಬರಿಯದು ‘ಸಡ್‌ಬರಿಯ ವ್ಯಾಪಾರ ಬೆಳೆಯಲಿ’ ಎಂದು ನೇರವಾಗಿ ಹರಸುತ್ತದೆ. ಹಾಕ್ಸನ್ ಮತ್ತು ಬ್ಲೈಥಿಂಗ್ ಕಡೆಯವು ಫ್ರಾನ್ಸ್ ದಂಡೆತ್ತಿ ಬರುತ್ತದೆಂಬ ಭಯದಲ್ಲಿ ಕಟ್ಟಿದ ಕುದುರೆ ದಳಗಳವು. ಅವುಗಳ ಮೇಲೆ ನನಗೆ ಅಷ್ಟು ಮೋಹವಿಲ್ಲ. ವುಡ್‌ಬ್ರಿಜ್‌ನ ಮುದ್ರಕ ಆರ್. ಲೋಡರ್ 1796ರಲ್ಲಿ ಹೊರಡಿಸಿದ ಪೆನ್ನಿ ಮಾತ್ರ ನನಗೆ ಅಚ್ಚುಮೆಚ್ಚು. ಅದರ ಮೇಲಿರುವ ಥಾಮಸ್ ಸೆಕ್‌ಫರ್ಡ್ 1587ರಲ್ಲಿ ಊರಿನ ಬಡ ವೃದ್ಧರಿಗೆ ವಸತಿಮನೆ ಕಟ್ಟಿಸಿ, ಅದರ ಖರ್ಚಿಗೆ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿದ್ದ ತನ್ನ ಆಸ್ತಿಯನ್ನು ಬಿಟ್ಟುಕೊಟ್ಟವನು. ಅವನ ಹೆಸರಿನ ಸಂಸ್ಥೆ ವುಡ್‌ಬ್ರಿಜ್‌ನಲ್ಲಿ ಈಗಲೂ ವೃದ್ಧರನ್ನು ನೋಡಿಕೊಳ್ಳುತ್ತಿದೆ. ಇನ್ನೂರು ವರ್ಷ ಹಳೆಯ ಉಪಕಾರವನ್ನು ನೆನೆದು ಒಬ್ಬ ಮುದ್ರಕ ಕೈಯಿಂದ ಖರ್ಚು ಮಾಡಿ ಪೆನ್ನಿ ಹೊಡೆಸಿದ್ದಾನೆ.

1795ರ ಹೊತ್ತಿಗೆ ಸಂಗ್ರಹದ ಹುಚ್ಚು ಎಲ್ಲೆಡೆ ಹಬ್ಬಿತ್ತು. ಕಾರ್ಖಾನೆಯವರು ಬುದ್ಧಿವಂತರು. ಒಂದು ಊರಿನ ಮುಂಬದಿಯ ಅಚ್ಚಿಗೆ ಇನ್ನೊಂದು ಊರಿನ ಹಿಂಬದಿಯ ಅಚ್ಚನ್ನು ಜೋಡಿಸಿ, ಅಂಚಿಗೆ ಮತ್ತೇನೋ ಬರೆದು, ‘ಅಪರೂಪ’ ಎಂದು ಮಾರಿದರು. ಇವು ಒಂದು ದಿನವೂ ಪೇಟೆಯಲ್ಲಿ ಓಡಾಡಿದವಲ್ಲ. ಇವತ್ತು ಇವಕ್ಕೆ ಒಳ್ಳೆಯ ಬೆಲೆಯಿದೆ, ಹೊಳಪೂ ಇದೆ. ನನಗೆ ಬೇಡ. ಯಾವ ಅಂಗಡಿಯೂ ಮಾತು ಕೊಡದ, ಯಾವ ಕೈಯೂ ಮುಟ್ಟದ ಟೋಕನ್‌ನಿಂದ ಊರಿನ ಬಗ್ಗೆ ಏನು ತಿಳಿಯುತ್ತದೆ? ಈ ಕಾಲದ ಸಂಗ್ರಾಹಕರಲ್ಲಿ ನನಗೆ ತುಂಬಾ ಗೌರವವಿರುವುದು ಸಾರಾ ಸೋಫಿಯಾ ಬ್ಯಾಂಕ್ಸ್ ಮೇಲೆ. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ತಂಗಿ, 1818ರಲ್ಲಿ ತೀರಿಕೊಂಡವಳು. ಸಾವಿರಾರು ನಾಣ್ಯ, ಟೋಕನ್‌ಗಳನ್ನು ಕೂಡಿಹಾಕಿದ್ದಲ್ಲದೆ ಅವುಗಳ ಪಟ್ಟಿಯನ್ನೂ ಶಿಸ್ತಾಗಿ ಬರೆದಿಟ್ಟಳು. ಅವು ಈಗ ಬ್ರಿಟಿಷ್ ಮ್ಯೂಸಿಯಂ ಮತ್ತು ರಾಯಲ್ ಮಿಂಟ್‌ನಲ್ಲಿ ಹಂಚಿಹೋಗಿವೆ. ಅಣ್ಣನ ಹೆಸರು ಜಗತ್ತಿಗೆಲ್ಲ ಗೊತ್ತು, ತಂಗಿಯದೂ ಗೊತ್ತಾಗಬೇಕು.

ಸವೆದ ಟೋಕನ್ ಅಗ್ಗ ಎಂಬುದು ನನ್ನಂಥವರಿಗೆ ದೊಡ್ಡ ಅನುಕೂಲ. ನಾಣ್ಯ ಮೇಳಗಳಲ್ಲಿ ಸಾಧಾರಣ ಸ್ಥಿತಿಯ ಸಫೋಕ್ ಅರ್ಧ ಪೆನ್ನಿ ನನಗೆ 20–30 ಪೌಂಡಿಗೆ ಸಿಕ್ಕಿದೆ. ಅದೇ ಬಿಲ್ಲೆ ಹೊಸದರಂತೆ ಕೆಂಪಗೆ ಹೊಳೆಯುತ್ತಿದ್ದರೆ ನೂರು ದಾಟುತ್ತದೆ. ಹೊಳಪು ತರುತ್ತೇನೆಂದು ದಯವಿಟ್ಟು ಯಾರೂ ಹುಣಸೆಹಣ್ಣು, ನಿಂಬೆಹಣ್ಣಿನ ಹತ್ತಿರ ಹೋಗಬೇಡಿ. ನಮ್ಮ ಮನೆಗಳಲ್ಲಿ ತಾಮ್ರದ ಚೊಂಬು ಕಂಡರೆ ಕೈ ತಾನಾಗಿ ಹುಣಸೆಹಣ್ಣಿನತ್ತ ಹೋಗುತ್ತದೆ. ಚೊಂಬಿಗೆ ಅದು ಸರಿ. ಟೋಕನ್‌ನ ಕಂದು ಬಣ್ಣ ಎರಡು ಶತಮಾನ ಕೂತು ಕಟ್ಟಿದ ಪದರ, ಹುಳಿ ತಗುಲಿದರೆ ಒಂದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಪಿವಿಸಿ ಪ್ಲಾಸ್ಟಿಕ್ಕಿನ ಪಾಕೆಟ್ಟುಗಳೂ ಬೇಡ, ಅವು ತಾಮ್ರಕ್ಕೆ ಹಸಿರು ಅಂಟು ಹಿಡಿಸುತ್ತವೆ. ಆಮ್ಲವಿಲ್ಲದ ಕಾಗದದ ಪುಟ್ಟ ಲಕೋಟೆ ಎಲ್ಲಕ್ಕಿಂತ ಒಳ್ಳೆಯದು, ಮೇಲೆ ಬರೆಯುವುದಕ್ಕೂ ಜಾಗವಿರುತ್ತದೆ.

1797ರಲ್ಲಿ ಕೊನೆಗೂ ಸರ್ಕಾರ ಎಚ್ಚೆತ್ತು, ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೌಲ್ಟನ್‌ನಿಂದ ಉಗಿಯಂತ್ರದ ಪ್ರೆಸ್ಸಿನಲ್ಲಿ ಒಂದು ಔನ್ಸ್ ತೂಕದ ದಪ್ಪ ಪೆನ್ನಿ ಹೊಡೆಸಿತು. ಅದೇ ಬೌಲ್ಟನ್ 1794ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ರೂಪಾಯಿಗೆ 48ರಂತೆ ಓಡುವ ತಾಮ್ರದ ನಾಣ್ಯ ಮಾಡಿಕೊಟ್ಟಿದ್ದ. ಆಮೇಲೆ ತಾಮ್ರದ ಬೆಲೆ ಏರಿ, ತೂಕದ ಟೋಕನ್‌ಗಳೆಷ್ಟೋ ಕುಲುಮೆ ಸೇರಿದವು. ಉಳಿದವು ಡ್ರಾಯರುಗಳಲ್ಲಿ ಉಳಿದವು, ಇಲ್ಲವೇ ಹೊಲಗಳಲ್ಲಿ.

ಹೊಲದ ವಿಷಯಕ್ಕೆ ನನ್ನದೊಂದು ಕೋರಿಕೆಯಿದೆ. ಸಫೋಕ್‌ನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರು ಬಹಳ. ಅವರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಸರ್ಕಾರಿ ಯೋಜನೆ ಮುಖ್ಯವಾಗಿ 1700ಕ್ಕಿಂತ ಹಿಂದಿನವನ್ನು ನೋಡುತ್ತದೆ. ಹೀಗಾಗಿ 1790ರ ದಶಕದ ಟೋಕನ್‌ಗಳು ಯಾವ ದಾಖಲೆಗೂ ಸೇರದೆ ಡಬ್ಬಿಗಳಲ್ಲಿ ಬೆರೆತುಹೋಗುತ್ತವೆ. ಮಣ್ಣು ತಿಂದ ಬಿಲ್ಲೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ನಿಜ. ಆದರೆ ಬಂಗೇಯ ಅರ್ಧ ಪೆನ್ನಿ ಎಷ್ಟು ದೂರದವರೆಗೆ ನಡೆಯುತ್ತಿತ್ತು, ಕಾಂಡರ್‌ನ ಹೆಸರನ್ನು ಇಪ್ಸ್‌ವಿಚ್‌ನ ಆಚೆ ಯಾವ ಹಳ್ಳಿಯವರು ನಂಬುತ್ತಿದ್ದರು ಎಂಬುದನ್ನು ಸಿಕ್ಕ ಜಾಗವಷ್ಟೇ ಹೇಳಬಲ್ಲದು. ನನ್ನ ಬಳಿ ಇರುವ ಬಂಗೇಯ ಟೋಕನ್‌ಗಳಲ್ಲಿ ಒಂದು ಅಂಥದ್ದು. ಕೋಟೆ ಅಳಿಸಿಹೋಗಿದೆ, ನ್ಯಾಯದೇವತೆಯ ತಕ್ಕಡಿ ಕಾಣಿಸುವುದಿಲ್ಲ. ಮಾರಿದವರು ಅದು ಸಿಕ್ಕ ಪ್ಯಾರಿಷ್‌ನ ಹೆಸರನ್ನೂ ಹೊಲದ ಯಾವ ಮೂಲೆ ಎಂಬುದನ್ನೂ ಚೀಟಿಯಲ್ಲಿ ಬರೆದು ಕೊಟ್ಟರು. ಆ ಚೀಟಿ ಇಲ್ಲದಿದ್ದರೆ ನಾನು ಅದನ್ನು ಕೊಳ್ಳುತ್ತಲೇ ಇರಲಿಲ್ಲ. ನಿಮ್ಮ ಪರಿಚಯದವರಲ್ಲಿ ಯಾರಾದರೂ ಸಫೋಕ್‌ನ ಹೊಲಗಳಲ್ಲಿ ಹುಡುಕುವವರಿದ್ದರೆ ಇಷ್ಟು ಹೇಳಿ: ಟೋಕನ್ ಸಿಕ್ಕ ದಿನವೇ ಜಾಗದ ಹೆಸರು ಬರೆದಿಡಲಿ, ಟೋಕನ್ ಮಾರಿದರೆ ಆ ಚೀಟಿಯನ್ನೂ ಜೊತೆಗೆ ಕೊಡಲಿ.